ಕರುವುಗಲ್ಲಿನ ಕೆಳಗಿನ ಅರ್ಧ

ಇಲಾಖೆಗೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ತುರುವೇಕೆರೆಯ ನಮ್ಮ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಸಾರ್?" ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ಬೆನ್ನು ನೋಯುತ್ತಿತ್ತು. ನಿಜವಾಗಿ ಹೇಳಬೇಕಾದದ್ದು ಇಷ್ಟೇ. ಆದರೆ ಅವರು ಎರಡು ಬಸ್ಸು ಬದಲಾಯಿಸಿ ಬಂದಿರುತ್ತಾರೆ, ಮನೆಯವಳು ಕಾಫಿಗೆ ನೀರಿಟ್ಟಿರುತ್ತಾಳೆ, ಹಾಗಾಗಿ ಇನ್ನೊಂದಿಷ್ಟು ಹೇಳಬೇಕಾಗುತ್ತದೆ.

ನನ್ನ ಕೆಲಸ ಶಾಸನಗಳ ಪಡಿಯಚ್ಚು ತೆಗೆಯುವುದು. ಕಲ್ಲನ್ನು ನೀರು ಹಾಕಿ ತಿಕ್ಕಬೇಕು. ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಂಡಿಗೆ ಇಳಿಸಬೇಕು. ಆಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ಹಚ್ಚಿ ಮೆಲ್ಲಗೆ ಒತ್ತಿದರೆ, ಕಾಗದವೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಸರ್ಕಾರ ಬ್ರಷ್ಷು ಕೊಡುತ್ತಿತ್ತು, ಅದರ ಕೂದಲು ಮೂರು ಕಲ್ಲಿಗೇ ಉದುರಿಹೋಗುತ್ತಿತ್ತು. ನಾನು ತೆಂಗಿನ ನಾರಿನಲ್ಲಿ ನಾನೇ ಕಟ್ಟಿಕೊಂಡದ್ದನ್ನು ಇಟ್ಟುಕೊಂಡಿದ್ದೆ. ಈಗಿನವರು ಕ್ಯಾಮೆರಾ ಹಿಡಿದು, ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟು, ಕಂಪ್ಯೂಟರಿನಲ್ಲಿ ನೋಡುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಮಣ್ಣಿನಲ್ಲಿ ಹೂತಿರುವುದನ್ನು ಕ್ಯಾಮೆರಾವೂ ತೋರಿಸುವುದಿಲ್ಲ. ನಾನು ಹೇಳಹೊರಟಿರುವುದು ಅದನ್ನೇ.

ಮೊದಲು ಸಣ್ಣದೊಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಯಸಂದ್ರದ ಕಡೆಯ ಒಂದು ಹಿತ್ತಿಲಲ್ಲಿ ಶಾಸನದ ಕಲ್ಲು ಇದೆಯೆಂದು ಕೇಳಿ ಹೋದೆ. ಅದು ಬಟ್ಟೆ ಒಗೆಯುವ ಕಲ್ಲಾಗಿತ್ತು. ಮನೆಯಾಕೆ ಅದರ ಮೇಲೆ ಕಂಬಳಿ ಕುಕ್ಕುತ್ತಿದ್ದಳು. "ಇದು ಎಂಟುನೂರು ವರ್ಷದ ಹಿಂದಿನದಮ್ಮ, ಒಗೆಯಬಾರದು" ಎಂದೆ. ಆಕೆ ತಲೆ ಎತ್ತದೆ, "ಎಂಟ್ನೂರು ವರ್ಷ ಇದ್ದದ್ದು ಇನ್ನೆರಡು ಕಂಬ್ಳಿಗೆ ಸವೆಯಾಕಿಲ್ಲ, ಕೂತ್ಕಳಿ" ಎಂದಳು. ಕೂತೆ. ಕಲ್ಲು ಬೇಗ ಬಿಡುವಾಗಲಿ ಎಂದು ಕೊನೆಗೆ ಒಂದು ಕಂಬಳಿಯ ತುದಿ ಹಿಡಿದು ನಾನೇ ಹಿಂಡಿಕೊಟ್ಟೆ. ಅಚ್ಚು ಬಹಳ ಚೆನ್ನಾಗಿ ಬಂತು, ಯಾಕೆಂದರೆ ಆ ಕಲ್ಲನ್ನು ಇಲಾಖೆಗಿಂತ ಆಕೆಯೇ ಚೆನ್ನಾಗಿ ತೊಳೆದಿದ್ದಳು. ಊರಿನ ಹೆಂಗಸರು ಕಲ್ಲಿನ ಬಗ್ಗೆ ಏನಾದರೂ ಹೇಳಿದರೆ ಕಿವಿಗೊಡಬೇಕು ಎಂಬ ಪಾಠ ಅವತ್ತೇ ಕಲಿತೆ. ಕಲಿತು ಮರೆತೆ.

ತೊಂಬತ್ತರ ದಶಕದ ಶುರುವಿನಲ್ಲಿ ನಮಗೊಬ್ಬ ಹೊಸ ಸಾಹೇಬರು ಬಂದರು. ಓದಿಕೊಂಡವರು. ಅವರಿಗೊಂದು ಸಿದ್ಧಾಂತವಿತ್ತು: ಪ್ರಾಚೀನ ನಗರಗಳು ತಾವಾಗಿ ಬೆಳೆಯಲಿಲ್ಲ, ಅವನ್ನು ಕಟ್ಟಿದ್ದು ದೊಡ್ಡ ಮನೆತನಗಳು. ವೈಶಾಲಿ ನೋಡಿ, ರೋಮ್ ನೋಡಿ, ಗ್ರೀಕರ ಊರುಗಳನ್ನು ನೋಡಿ, ನಾಲ್ಕು ಕುಲೀನ ಕುಲಗಳು ಒಂದೆಡೆ ಸೇರಿದವು, ಗೋಡೆ ಎದ್ದಿತು, ಪೇಟೆ ಎದ್ದಿತು ಎನ್ನುತ್ತಿದ್ದರು. ಜೀಪಿನಲ್ಲಿ ತಿಪಟೂರಿನಿಂದ ಹುಳಿಯಾರಿಗೆ ಹೋಗುವಷ್ಟರಲ್ಲಿ ರೋಮು ಎರಡು ಸಲ ಕಟ್ಟಿ ಮುಗಿಯುತ್ತಿತ್ತು. ನಮ್ಮ ಜಿಲ್ಲೆಯಲ್ಲೂ ಅಂಥದ್ದೊಂದು ನಗರ ಸಿಕ್ಕರೆ ಅವರ ಪ್ರಬಂಧ ಪೂರ್ಣವಾಗುತ್ತಿತ್ತು. ಸಿದ್ಧಾಂತ ಇಟ್ಟುಕೊಂಡು ಕಲ್ಲು ಹುಡುಕುವವರಿಗೆ ಕಲ್ಲು ಸಿಗದೇ ಇರುವುದಿಲ್ಲ.

ಸಿಕ್ಕಿತು. ಊರಿನ ನಿಜವಾದ ಹೆಸರು ಬೇಡ, ಹಿರೇಪಟ್ಟಣ ಎಂದಿಟ್ಟುಕೊಳ್ಳಿ. ನೊಣವಿನಕೆರೆಯಿಂದ ಒಳಗೆ ಹೋದರೆ ಸುತ್ತ ತೆಂಗಿನ ತೋಟ, ನಡುವೆ ಊರು, ಊರ ಪಕ್ಕ ಒಂದು ದೊಡ್ಡ ದಿಬ್ಬ. ದಿಬ್ಬದ ಮೇಲೆ ಎಲ್ಲಿ ಕಾಲಿಟ್ಟರೂ ಮಡಕೆಯ ಚೂರು. ಒಂದು ಕಾಲಕ್ಕೆ ಅಲ್ಲಿ ಪೇಟೆ ಪಟ್ಟಣ ಇದ್ದದ್ದು ಸುಳ್ಳಲ್ಲ.

ಊರಿನಲ್ಲಿ ಎರಡು ದೊಡ್ಡ ಮನೆ. ಮೇಲ್ಮನೆ, ಕೆಳಮನೆ. ಇಬ್ಬರೂ ದಾಯಾದಿಗಳೇ, ಒಂದೇ ಬೇರು. ಮೇಲ್ಮನೆಯ ಯಜಮಾನ ಗಂಗಣ್ಣ, ಕೆಳಮನೆಯವನು ಶಿವಣ್ಣ. ಇವರ ತಾತಂದಿರ ಕಾಲದಿಂದಲೂ ಮೊದಲ ವೀಳ್ಯ ಯಾರಿಗೆ ಎಂಬ ಜಗಳ. ಮೇಲ್ಮನೆಯವರು ಬಸ್ಸು ತಮ್ಮ ಜಗಲಿಯ ಮುಂದೆ ನಿಲ್ಲುವಂತೆ ಮಾಡಿಸಿದರೆ, ಕೆಳಮನೆಯವರು ಓಡಾಡಿ ತಮ್ಮ ಮನೆ ಮುಂದೆಯೂ ಒಂದು ಸ್ಟಾಪು ಮಾಡಿಸಿದರು. ನಡುವೆ ಕೂಗಳತೆಯಷ್ಟೂ ದೂರವಿಲ್ಲ. ಕಂಡಕ್ಟರು ಎರಡು ಸಲ ವಿಸಲ್ ಊದಬೇಕು. ಅವರು ಹಾಲಿನ ಡೈರಿ ತಂದರು, ಇವರು ಇನ್ನೊಂದು ತಂದರು. ಇವರು ಹೈಸ್ಕೂಲು ತಂದರು, ಅವರು ಅದಕ್ಕೆ ಕಾಂಪೌಂಡು ಕಟ್ಟಿಸಿ ಗೇಟಿನ ಮೇಲೆ ತಮ್ಮ ತಾತನ ಹೆಸರು ಬರೆಸಿದರು. ನನಗೂ ಅಲ್ಲೊಂದು ಸಿದ್ಧಾಂತ ಹುಟ್ಟಿತು. ಕುಲಗಳು ಸೇರಿದ್ದಕ್ಕೆ ಊರು ಬೆಳೆಯುವುದಲ್ಲ, ಸೇರದೇ ಇದ್ದದ್ದಕ್ಕೆ ಬೆಳೆಯುತ್ತದೆ. ಸಾಹೇಬರಿಗೆ ಹೇಳಲಿಲ್ಲ. ಅವರ ಸಿದ್ಧಾಂತಕ್ಕೆ ಟಿಪ್ಪಣಿಗಳಿದ್ದವು, ನನ್ನದಕ್ಕೆ ಕಂಡಕ್ಟರೊಬ್ಬನೇ ಸಾಕ್ಷಿ.

ಶಾಸನವಿದ್ದದ್ದು ಊರಿನ ಕರುವುಗಲ್ಲಿನ ಮೇಲೆ. ನಮ್ಮ ಸೀಮೆಯಲ್ಲಿ ಊರು ಕಟ್ಟುವಾಗ ಎಲ್ಲಕ್ಕೂ ಮೊದಲು ಒಂದು ಕಲ್ಲು ನಿಲ್ಲಿಸಿ ಪೂಜೆ ಮಾಡುತ್ತಾರೆ, ಅದೇ ಕರುವುಗಲ್ಲು. ಅದು ಊರಿನ ಹೊಕ್ಕಳು ಇದ್ದ ಹಾಗೆ. ವರ್ಷಕ್ಕೊಮ್ಮೆ ಎಣ್ಣೆ ಬಳಿದು, ಮುಂದೆ ಹೊಸ ಮಡಕೆ ಇಟ್ಟು, ಕಾಯಿ ಒಡೆಯುತ್ತಾರೆ. ಬುಡ ಮಾತ್ರ ಯಾರೂ ಅಗೆಯುವಂತಿಲ್ಲ. ಅಗೆದರೆ ಊರು ಅಲ್ಲಾಡುತ್ತದೆ ಎಂಬ ನಂಬಿಕೆ. ನಾವು ಹೋದಾಗ ಕಲ್ಲು ಎದೆಮಟ್ಟಕ್ಕೆ ಕಾಣುತ್ತಿತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಸಾಲು ಸಾಲು ಅಕ್ಷರ. ನಾನು ಅಚ್ಚು ತೆಗೆದೆ. ಸಾಹೇಬರು ಅಲ್ಲೇ ಮೊಣಕಾಲೂರಿ ಓದಿದರು. ಅರಸನ ಹೊಗಳಿಕೆ, ಆಮೇಲೆ ಆ ಸೀಮೆಯ ಗೌಡ, ಅವನ ತಂದೆ, ಅವನ ತಾತ, ಆಮೇಲೆ 'ಈ ಪಟ್ಟಣವನ್ನು' ಎನ್ನುವಲ್ಲಿ ಮಣ್ಣು. ಗೌಡನ ಹೆಸರು ಗಂಗಣ್ಣನ ತಾತನ ಹೆಸರೇ ಆಗಿತ್ತು. ಗಂಗಣ್ಣ ಕೈಮುಗಿದು, "ನಮ್ಮೋರೇ ಸಾರ್" ಎಂದ. ಸಾಹೇಬರ ಕಣ್ಣು ತುಂಬಿ ಬಂತು.

ಮೇಲ್ಮನೆಯಲ್ಲಿ ಊಟ. ಹೋಳಿಗೆ, ಕಾಯಿಹಾಲು. ನಾವು ಊಟಕ್ಕೆ ಕೂತಿದ್ದಾಗ ಅಂಗಳದಾಚೆ ಒಬ್ಬ ಹೆಂಗಸು ಬಂದು ನಿಂತಳು. ದಿಬ್ಬದ ಅಂಚಿನಲ್ಲಿದ್ದ ಒಂದೇ ಒಂದು ಕುಂಬಾರ ಮನೆಯ ರಂಗಮ್ಮ. ಮನೆ ಹಿಂದೆ ಅವರ ಆವಿಗೆ, ಅಂದರೆ ಮಡಕೆ ಸುಡುವ ಗೂಡು. ಕೈಯಲ್ಲಿ ಇನ್ನೂ ಹಸಿ ಮಣ್ಣಿತ್ತು.

"ಸ್ವಾಮಿ, ಬರ್ಕೊಂಡ್ರಲ್ಲ, ಅದು ಪೂರ್ತಿ ಅಲ್ಲ. ಕೆಳುಗೂ ಐತೆ" ಎಂದಳು.

"ನಿನಗೆ ಹೇಗಮ್ಮ ಗೊತ್ತು?" ಎಂದರು ಸಾಹೇಬರು.

"ನಾನು ಮದ್ವೆಯಾಗಿ ಬಂದ ವರ್ಸ ಭಾರಿ ಮಳೆ. ಕಲ್ಲಿನ ಬುಡ ಕೊಚ್ಚಿ ವಾಲ್ಕೊಂತು. ಬುಡಕ್ಕೆ ಜೇಡಿಮಣ್ಣು ಮೆತ್ತೋದು ನಮ್ಮನೆ ಕೆಲ್ಸ. ನಮ್ಮತ್ತೆ, ನಾನು ಇಬ್ರೇ ಮೆತ್ತಿದ್ದು. ಕೆಳುಗೆ ಬೇಕಾದಷ್ಟು ಅಕ್ಸರ ಅವೆ. ಕಟ್ಟಕಡೇಲಿ ಒಂದು ತಿಗರಿ ಕೊರೆದವ್ರೆ."

ತಿಗರಿ ಎಂದರೆ ಕುಂಬಾರರ ಚಕ್ರ. ಗಂಗಣ್ಣ ನಕ್ಕ. "ಓದಕ್ಕೆ ಬರಾಕಿಲ್ಲ ಅವಳ್ಗೆ ಸಾರ್. ದುಂಡಗಿರದೆಲ್ಲ ತಿಗರಿನೇ." ಸಾಹೇಬರೂ ನಕ್ಕು, "ಸೂರ್ಯನ ಚಿತ್ರ ಇರಬೇಕು ಕಣಮ್ಮ" ಎಂದರು.

ಸೂರ್ಯನನ್ನು ಯಾವ ಕಲ್ಲುಕುಟಿಗನೂ ಬುಡದಲ್ಲಿ ಕೊರೆಯುವುದಿಲ್ಲ. ಅದು ಆ ಪಂಕ್ತಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ಬಹುಶಃ ಸಾಹೇಬರಿಗೂ ಗೊತ್ತಿತ್ತು. ನನ್ನ ಬಾಯಲ್ಲಿ ಹೋಳಿಗೆಯಿತ್ತು. ಬಾಯಲ್ಲಿ ಹೋಳಿಗೆಯಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ನುಂಗಲು ಎಷ್ಟು ಹೊತ್ತು ಬೇಕು? ಬುಡ ಅಗೆಯೋಣ ಎಂದರೆ ಊರು ಎದ್ದು ನಿಲ್ಲುತ್ತದೆ, ಸಾಹೇಬರ ಮುಖ ಸಪ್ಪಗಾಗುತ್ತದೆ, ಬಸ್ಸು ತಪ್ಪುತ್ತದೆ. ಸುಮ್ಮನಿದ್ದೆ. ರಂಗಮ್ಮ ನನ್ನ ಕಡೆ ಒಮ್ಮೆ ನೋಡಿ ಹೋದಳು.

ಪಡಿಯಚ್ಚಿನ ಅಂಚಿನಲ್ಲಿ 'ಕೆಳಭಾಗ ಹೂತಿದೆ' ಎಂದು ಪೆನ್ಸಿಲಿನಲ್ಲಿ ಬರೆದೆ. ಅಷ್ಟಾದರೂ ಬರೆದೆ ಎನ್ನುವುದು ನನ್ನ ಸಮಾಧಾನ. ವರದಿ ಮುದ್ರಣಕ್ಕೆ ಹೋದಾಗ ಕಾಗದದ ಅಂಚು ಕತ್ತರಿಸಿ ಹೋಯಿತು.

ವರದಿ ಬಂತು. ಮೇಲ್ಮನೆಯ ಕುಲ ಈ ನಗರವನ್ನು ಸ್ಥಾಪಿಸಿತು, ದಿಬ್ಬ ಅವರ ಕೋಟೆಯ ಜಾಗ ಎಂದು ಅಚ್ಚಾಯಿತು. ಗಂಗಣ್ಣ ಅದಕ್ಕೆ ಕಟ್ಟು ಹಾಕಿಸಿ ದೇವರ ಗೂಡಿನಲ್ಲಿಟ್ಟ. ಪೂಜೆ ಮಾಡಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ತಾಲ್ಲೂಕು ಕಚೇರಿಗೂ ಒಂದು ಪ್ರತಿ ಕೊಟ್ಟು, ದಿಬ್ಬ ನಮ್ಮ ಪೂರ್ವಿಕರದ್ದು, ಅಲ್ಲಿರುವವರನ್ನು ಬಿಡಿಸಿಕೊಡಿ ಎಂದು ಅರ್ಜಿ ಹಾಕಿದ. ನಮ್ಮ ಇಲಾಖೆ ತನ್ನ ಪಾಲಿನದನ್ನೂ ಸೇರಿಸಿತು. ಪ್ರಾಚೀನ ನಿವೇಶನದ ಮೇಲೆ ಬೆಂಕಿ, ಹೊಗೆ ಕೂಡದು, ಆವಿಗೆ ತೆಗೆಯಬೇಕು ಎಂದು ನೋಟೀಸು ತಯಾರಾಯಿತು. ಒಯ್ದು ಕೊಡಲು ಊರು ಗೊತ್ತಿರುವವರು ಬೇಕಲ್ಲ, ನನ್ನನ್ನೇ ಕಳಿಸಿದರು.

ರಂಗಮ್ಮನ ಗಂಡ ತಿಗರಿ ತಿರುಗಿಸುತ್ತಿದ್ದ. ಆಕೆ ಹಸಿ ಮಡಕೆಯ ತಳ ತಟ್ಟುತ್ತಿದ್ದಳು. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡು ನನಗೇ ವಾಪಸ್ಸು ಕೊಟ್ಟಳು. "ಓದಿ ಹೇಳಿ ಸ್ವಾಮಿ."

ಓದಿದೆ. ಕಲ್ಲಿನ ಮೇಲೆ ಸವೆದ ಅಕ್ಷರಗಳನ್ನು ಓದಿದವನು ನಾನು, ಟೈಪು ಮಾಡಿದ ಎಂಟು ಸಾಲು ಓದಲು ಅಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ.

"ಇದ್ರಾಗೂ ಕೆಳುಗಡೆ ಏನಾರ ಐತಾ?" ಎಂದು ಕೇಳಿದಳು.

"ಸಾಹೇಬರ ಸಹಿ" ಎಂದೆ.

ಮುಂದಿನ ತಿಂಗಳು ಆವಿಗೆ ಒಡೆದರು. ಅದಾದ ಮೇಲೆ ನಮ್ಮವರು ದಿಬ್ಬದ ಮೇಲೆ ಎರಡು ಗುಂಡಿ ತೋಡಿ ಮಡಕೆಯ ಚೂರು ಹೆಕ್ಕಿದರು. ಒಂದೊಂದನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ನಂಬರು ಬರೆದು, ಚೀಲಕ್ಕೆ ತುಂಬಿ, ಗೋದಾಮಿಗೆ ಕಳಿಸಿದರು. ಚೂರು ತೊಳೆಯುವ ಕೂಲಿಗೆ ರಂಗಮ್ಮ ಬಂದಿದ್ದಳು. ಆವಿಗೆ ಹೋದ ಮೇಲೆ ಊರಲ್ಲಿ ಅವಳಿಗೆ ಬೇರೆ ಕೆಲಸವಿರಲಿಲ್ಲ. ಗಂಡ ಮೇಲ್ಮನೆಯ ತೋಟದಲ್ಲಿ ಕಾಯಿ ಸುಲಿಯಲು ಹೋಗುತ್ತಿದ್ದ. ಒಂದು ಚೂರನ್ನು ಬೆರಳಲ್ಲಿ ಸವರಿ, "ಇದು ಎಡಗೈನೋರು ತಟ್ಟಿರದು" ಎಂದಳು. ನಮ್ಮ ಯಾವ ವರದಿಯಲ್ಲೂ ಅದು ಬರಲಿಲ್ಲ, ಯಾಕೆಂದರೆ ಕೂಲಿಯವರ ಮಾತಿಗೆ ನಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲ.

ವರ್ಷಗಳು ಹೋದವು. ಸಾಹೇಬರು ದೊಡ್ಡ ಹುದ್ದೆಗೆ ಹೋದರು. ನನ್ನ ಬೆನ್ನು ಹೋಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಕೆಳಮನೆಯ ಶಿವಣ್ಣ ಕಚೇರಿಗೇ ಬಂದ. ಊರಿಗೆ ಕಾಂಕ್ರೀಟು ರಸ್ತೆ ಬರುತ್ತಿದೆ, ರಸ್ತೆ ಎತ್ತರವಾದರೆ ಕರುವುಗಲ್ಲು ಮುಚ್ಚಿಹೋಗುತ್ತದೆ, ಶಾಂತಿ ಮಾಡಿಸಿ ಎತ್ತಿ ನಿಲ್ಲಿಸಲು ಹಿರಿಯರು ಒಪ್ಪಿದ್ದಾರೆ, ನೀವು ಬರಬೇಕು ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ: "ಅರ್ಧ ಕಲ್ಲು ಓದಿ ಮೇಲ್ಮನೆಯೋರು ಹತ್ತು ವರ್ಸ ಮೆರೆದ್ರು ಕಣ್ರೀ. ಕೆಳಗಿನರ್ಧದಾಗೆ ನಮ್ಮ ಕಡೆಯೋರು ಇದ್ದೇ ಇರ್ತಾರೆ. ಇಲ್ದಿದ್ರೆ ಕೆಳಮನೆ ಅಂತ ಯಾಕಂತಿದ್ರು?"

ಕಲ್ಲೆತ್ತುವ ದಿನ ಊರೆಲ್ಲ ಸೇರಿತ್ತು. ಗಂಗಣ್ಣ ಒಂದು ಕಡೆ, ಶಿವಣ್ಣ ಒಂದು ಕಡೆ. ತಾಲ್ಲೂಕು ಕಚೇರಿಯಲ್ಲಿ ಅಷ್ಟರಲ್ಲಿ ರಂಗಮ್ಮನ ಮನೆಯ ವಿಚಾರವೂ ಕಡೆಯ ಹಂತಕ್ಕೆ ಬಂದಿತ್ತು. ಆವಿಗೆ ಹೋಗಿತ್ತು, ಇನ್ನು ಮನೆ. ಆಕೆ ದೂರದಲ್ಲಿ ಒಂದು ತೆಂಗಿನ ಮರಕ್ಕೆ ಒರಗಿ ನಿಂತಿದ್ದಳು, ಕೂದಲು ಪೂರ್ತಿ ನರೆತಿತ್ತು.

ಕಲ್ಲು ಎದ್ದಿತು. ಬುಡಕ್ಕೆ ಮೆತ್ತಿದ್ದ ಜೇಡಿಮಣ್ಣು ಇಡಿಯಾಗಿ ಹಕ್ಕಳೆಯ ಹಾಗೆ ಕಳಚಿ ಬಿತ್ತು, ಅದರ ಮೇಲೆ ಇಬ್ಬರು ಹೆಂಗಸರ ಬೆರಳ ಗುರುತು ಹಾಗೇ ಇತ್ತು. ನಾನು ನೀರು ಹಾಕಿ ತೊಳೆದೆ. ಮೊದಲು ಕಂಡದ್ದು ಕಟ್ಟಕಡೆಯಲ್ಲಿದ್ದ ತಿಗರಿ. ಪಕ್ಕದಲ್ಲಿ ಒಂದು ಗಾಣ, ಒಂದು ಕುರಿ, ಒಂದು ಮಗ್ಗ. ಶಿವಣ್ಣ "ಓದ್ರೀ, ಗಟ್ಟಿಯಾಗಿ ಓದ್ರೀ" ಎಂದ.

ಗಟ್ಟಿಯಾಗಿ ಓದಿದೆ. ಹಳಗನ್ನಡವನ್ನು ಆಡುಮಾತಿಗೆ ಇಳಿಸಿ ಹೇಳಿದೆ. ಈ ಪಟ್ಟಣವನ್ನು ಕಾಡು ಕಡಿದು, ಕೆರೆ ಕಟ್ಟಿ, ಪೇಟೆ ಮಾಡಿದವರು ಕುಂಬಾರರು, ಗಾಣಿಗರು, ಕುರುಬರು, ನೇಯುವವರು. ಗೌಡನ ಮನೆಯವರು ಐದು ವರ್ಷ ಇವರಿಂದ ತೆರಿಗೆ ಕೇಳುವುದಿಲ್ಲವೆಂದೂ, ಇವರ ಕೆಲಸಕ್ಕೆ ಅಡ್ಡ ಬರುವುದಿಲ್ಲವೆಂದೂ ಒಪ್ಪಿ ಸಾಕ್ಷಿ ಹಾಕಿದ್ದಾರೆ. ಕೆಳಮನೆಯ ಹೆಸರು ಎಲ್ಲೂ ಇಲ್ಲ. ದೊಡ್ಡ ಮನೆತನ ನಗರಕ್ಕೆ ಕೊಟ್ಟ ಕಾಣಿಕೆ ಇಷ್ಟೇ, ಸುಮ್ಮನಿರುತ್ತೇವೆ ಎಂಬ ಮಾತು. ಅದೂ ಐದೇ ವರ್ಷ.

ಎಲ್ಲ ಶಾಸನಗಳಂತೆ ಕೊನೆಯಲ್ಲಿ ಶಾಪವಿತ್ತು. ಈ ಒಕ್ಕಲುಗಳನ್ನು ನೆಲೆಯಿಂದ ಎಬ್ಬಿಸಿದವರು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ. ಅದನ್ನು ನಾನು ಜೀವಮಾನದಲ್ಲಿ ನೂರಾರು ಸಲ ಓದಿದ್ದೇನೆ, ಬಸ್ಸಿನ ಟಿಕೆಟ್ಟಿನ ಹಿಂದಿನ ನಿಯಮ ಓದಿದ ಹಾಗೆ. ಅವತ್ತು ಹಾಗೆ ಓದಲಾಗಲಿಲ್ಲ. ನೋಟೀಸು ತಂದು ಕೊಟ್ಟವನು ನಾನೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಇದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ.

ಗಂಗಣ್ಣ ಶಿವಣ್ಣನ ಕಡೆ ತಿರುಗಿ, "ಲೇ, ಸಮಾಧಾನ ಆಯ್ತೇನ್ಲಾ?" ಎಂದ. ಮೂವತ್ತು ವರ್ಷದಲ್ಲಿ ಅವರಿಬ್ಬರೂ ನೇರವಾಗಿ ಮಾತಾಡಿದ್ದು ಅದೇ ಮೊದಲು ಎಂದು ಯಾರೋ ಹಿಂದಿನಿಂದ ಹೇಳಿದರು.

ಪೂರ್ತಿ ಅಚ್ಚು ತೆಗೆದುಕೊಂಡು ಹೋಗಿ ಕಚೇರಿಯಲ್ಲಿ ಕೊಟ್ಟೆ. ತಿದ್ದುಪಡಿ ಮುಂದಿನ ಸಂಪುಟದಲ್ಲಿ ಬರುತ್ತದೆ ಎಂದರು. ಮುಂದಿನ ಸಂಪುಟ ಬರಲೇ ಇಲ್ಲ. ತಾಲ್ಲೂಕು ಕಚೇರಿಯ ವಿಚಾರಣೆಗೆ ಎರಡು ವಾರವಿತ್ತು. ನನಗೆ ನಿವೃತ್ತಿಗೆ ಮೂರು ವರ್ಷವಿತ್ತು. ಯಾರ ಅನುಮತಿಯೂ ಇಲ್ಲದೆ ಇನ್ನೊಂದು ಪ್ರತಿ ಸುತ್ತಿಕೊಂಡು ವಿಚಾರಣೆಗೆ ಹೋದೆ. ತಹಸೀಲ್ದಾರರು ಆ ಕಪ್ಪು ಕಾಗದವನ್ನು ಮೇಜಿನ ಮೇಲೆ ಹರಡಿ ನೋಡಿದರು.

"ನಿಮ್ಮ ಇಲಾಖೆಯ ವರದಿಯೇ ಇದೆಯಲ್ರೀ ಇಲ್ಲಿ?"

"ಅದು ಅರ್ಧ ಕಲ್ಲಿನ ವರದಿ ಸಾರ್. ಆ ಅರ್ಧದ ಅಚ್ಚು ತೆಗೆದವನು ನಾನೇ. ಕೆಳಗಿದೆ ಅಂತ ಈಯಮ್ಮ ಅವತ್ತೇ ಹೇಳಿದ್ದರು. ನಾನು ಕೇಳಲಿಲ್ಲ."

"ಬರೆದುಕೊಡ್ತೀರಾ?"

ಬರೆದುಕೊಟ್ಟೆ. ಮನೆ ಉಳಿಯಿತು. ನನಗೆ ಒಂದು ಮೆಮೊ ಬಂತು, ಹಿಂದೆಯೇ ಗೋದಾಮಿಗೆ ವರ್ಗ. ಅಲ್ಲಿ ಹಿರೇಪಟ್ಟಣದ ಚೀಲಗಳು ಸೂರಿನವರೆಗೂ ಒಟ್ಟಿದ್ದವು. ಮೂರು ವರ್ಷ ಅವುಗಳ ಕಾವಲು ಕಾದೆ. ಇಲಿ ಬಾರದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಮಡಕೆ ಚೂರನ್ನು ಇಲಿ ತಿನ್ನುವುದಿಲ್ಲ, ನಂಬರಿನ ಚೀಟಿ ತಿನ್ನುತ್ತದೆ.

ಆ ಮೂರು ವರ್ಷದ ನಡುವೆ, ರಸ್ತೆ ಮುಗಿದ ಮೇಲೆ, ಕರುವುಗಲ್ಲನ್ನು ಕಟ್ಟೆಯ ಮೇಲೆ ಮತ್ತೆ ನಿಲ್ಲಿಸುವ ದಿನ ನನ್ನನ್ನೂ ಕರೆದರು. ಊರಿನ ಬಾಗಿಲಲ್ಲಿ ಹೊಸ ಕಮಾನು ಎದ್ದಿತ್ತು: 'ಕಾಯಕ ಜೀವಿಗಳನ್ನು ಕರೆತಂದು ಪಟ್ಟಣ ಕಟ್ಟಿಸಿದ ಮೇಲ್ಮನೆ ಕೆಳಮನೆ ಪೂರ್ವಜರ ನೆನಪಿಗಾಗಿ.' ಎರಡು ಮನೆಯವರೂ ಸೇರಿ ಕಟ್ಟಿಸಿದ್ದರು. ಕುಲಗಳು ಒಂದಾಗುತ್ತವೆ ಎಂಬ ಸಾಹೇಬರ ಸಿದ್ಧಾಂತ ಅಷ್ಟರ ಮಟ್ಟಿಗೆ ನಿಜವಾಯಿತು.

ಪೂಜೆಗೆ ಎಲ್ಲ ಸಿದ್ಧವಾದಾಗ ಪೂಜಾರಿ, "ಮಡಕೆ ಎಲ್ಲಿ?" ಎಂದ. ಕಲ್ಲಿನ ಮುಂದಿಡುವ ಮಡಕೆ ಊರಿನ ಕುಂಬಾರರ ಕೈಯದ್ದೇ ಆಗಬೇಕು, ಸಂತೆಯದ್ದು ಆಗುವುದಿಲ್ಲ. ಆವಿಗೆ ಹೋದ ಮೇಲೆ ಇಷ್ಟು ವರ್ಷ ಹಳೆಯದೊಂದನ್ನೇ ತೊಳೆದು ಇಡುತ್ತಿದ್ದರಂತೆ, ಕಲ್ಲೆತ್ತುವಾಗ ಅದು ಒಡೆದಿತ್ತು. ಗಂಗಣ್ಣ ನನ್ನ ಹತ್ತಿರ ಬಂದು, "ನೀವು ಹೇಳಿದ್ರೆ ಕೇಳ್ತಾಳೆ ಸಾರ್" ಎಂದ.

ಹೋದೆ. ಗಂಡ ತೀರಿಕೊಂಡಿದ್ದ. ರಂಗಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾಗಿಲು ಹಾಕಿಕೊಳ್ಳದಂತೆ ಒತ್ತು ಕೊಟ್ಟಿದ್ದದ್ದು ಒಡೆದ ತಿಗರಿಯ ಅರ್ಧ.

"ಈಗ ಯಾರೂ ಎಬ್ಬಿಸಲ್ಲ ರಂಗಮ್ಮ. ಮತ್ತೆ ಆವಿಗೆ ಹಾಕಬಹುದಲ್ಲ?" ಎಂದೆ.

"ಯಾರ್ ಕೈಲಿ ಸ್ವಾಮಿ? ತಿರುಗ್ಸೋರು ಹೋದ್ರು. ಕಲ್ಲಿನಾಗಿರೋ ತಿಗರಿ ತಿರ್ಗಾಕಿಲ್ಲ, ನಮ್ದೂ ತಿರ್ಗಾಕಿಲ್ಲ. ಎರ್ಡೂ ಒಂದೇ ಆದ್ವು ಬುಡಿ."

ಅವತ್ತು ಯಾಕೆ ಸುಮ್ಮನಿದ್ದೆ ಎಂದು ಹೇಳಬೇಕೆನಿಸಿತು. "ಅವತ್ತು ಮೇಲ್ಮನೇಲಿ ನೀವು ಹೇಳಿದಾಗಲೇ ನನಗೆ ಗೊತ್ತಿತ್ತು, ಅದು ಸೂರ್ಯ ಅಲ್ಲ ಅಂತ" ಎಂದೆ.

"ನಂಗೂ ಗೊತ್ತಿತ್ತು" ಎಂದಳು, "ನಿಮ್ಗೆ ಗೊತ್ತೈತೆ ಅಂತ."

ಎದ್ದು ಒಳಗೆ ಹೋದಳು. ಉಪ್ಪು ಸುರಿಯುವ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಮಡಕೆಯಿತ್ತು. ಕಡೆಯ ಆವಿಗೆಯದು, ಇದೊಂದು ಉಳಿದಿತ್ತು ಎಂದಳು. ಸೆರಗಿನಲ್ಲಿ ಒಳಗೆಲ್ಲ ಒರೆಸಿ ನನ್ನ ಕೈಗಿಟ್ಟಳು. "ಊರ ಕಲ್ಲು ಬರಿದಾಗಿ ಇರಬಾರ್ದು. ತಗೊಂಡೋಗಿ."

ಅದು ಈಗಲೂ ಕಲ್ಲಿನ ಮುಂದಿದೆ. ಯಾವ ಸಂಪುಟದಲ್ಲೂ ಅದರ ವಿಷಯವಿಲ್ಲ, ಯಾಕೆಂದರೆ ಅದು ಇಡಿಯಾಗಿದೆ. ಒಡೆದ ದಿನ ನಮ್ಮವರು ಬಂದು ನಂಬರು ಹಾಕುತ್ತಾರೆ.